ಮೂರು ಕಿವಿಯ ಮುಚ್ಚಳ

ಅಪ್ಪನ ಬಲಗೈಗೆ ಏನೋ ಆಗಿದೆ ಎಂದು ನಾನು ಸಾಬೀತು ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ, ಮೌಂಟನ್ ವ್ಯೂನಿಂದ ಒಂದು ಗಂಟೆಯ ದಾರಿಯ ಡಬ್ಲಿನ್ನಿನ ನಮ್ಮ ಮನೆಯ ಊಟದ ಮೇಜಿನಲ್ಲಿ. ಸಾಬೀತು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಹೈಸ್ಕೂಲಿನ ನಾಲ್ಕೂ ವರ್ಷ ನಾನು ಚರ್ಚಾ ತಂಡದಲ್ಲಿದ್ದೆ. ಎದುರಾಳಿಯ ಅತಿ ಗಟ್ಟಿಯಾದ ವಾದ ಯಾವುದೆಂದು ನೋಡು, ಅದನ್ನು ಮುರಿ, ಉಳಿದವು ತಾವಾಗಿಯೇ ಬೀಳುತ್ತವೆ ಎಂದು ಅಲ್ಲಿ ಕಲಿಸಿದ್ದರು.

ಅಪ್ಪನ ಗಟ್ಟಿ ವಾದ, "ಚಳಿ ಕಣಮ್ಮ, ಅಷ್ಟೇ" ಎಂಬುದು. ಚಳಿ ಬಿಟ್ಟ ಮೇಲೆ "ಆಫೀಸಲ್ಲಿ ಇಡೀ ದಿನ ಮೌಸ್ ಹಿಡಿದು ಹಿಡಿದು" ಎಂದಾಯಿತು. ನಾನು ಒಳಗೆ ಹೋಗಿ ಮನೆಯ ಕಾಗದಪತ್ರದ ಫೈಲು ತಂದೆ. ಆರು ವರ್ಷದ ಹಿಂದಿನ ಅವನ ಸಹಿ, ಹೋದ ತಿಂಗಳು ಪಾಸ್‌ಪೋರ್ಟಿನ ಅರ್ಜಿಗೆ ಹಾಕಿದ ಸಹಿ, ಎರಡನ್ನೂ ತಟ್ಟೆಯ ಪಕ್ಕ ಇಟ್ಟೆ. ಹಳೆಯದು ಸಾಲಿನ ಆಚೆಗೂ ಬಾಲ ಚಾಚಿತ್ತು. ಹೊಸದು ಅದರ ಅರ್ಧದಷ್ಟಿತ್ತು, ಕೊನೆಕೊನೆಗೆ ಇನ್ನೂ ಸಣ್ಣದಾಗಿ ಇರುವೆ ಹರಿದಂತೆ ಮುಗಿದಿತ್ತು.

"ಮೌಸ್ ಹಿಡಿದ್ರೆ ಸಹಿ ಯಾಕೆ ಚಿಕ್ಕದಾಗತ್ತೆ? ಹೇಳಪ್ಪ."

ಅಮ್ಮ ಹುಳಿ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಇಳಿಸಿದಳು. ಅಪ್ಪ ಎರಡು ಕಾಗದಗಳನ್ನೂ ಬಹಳ ಹೊತ್ತು ನೋಡಿದ. ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನು ಅಲುಗುತ್ತಿತ್ತು. ಅದನ್ನು ಎಡಗೈಯಿಂದ ಮುಚ್ಚಿಕೊಂಡು, "ಸರಿ ಲಾಯರಮ್ಮ, ನೀನೇ ಗೆದ್ದೆ" ಎಂದ.

ಕೆಲವು ವಾರಗಳ ನಂತರ ನರರೋಗದ ಡಾಕ್ಟರು ಅದೇ ತೀರ್ಪು ಕೊಟ್ಟರು: ಪಾರ್ಕಿನ್ಸನ್ಸ್. ಇನ್ನೂ ಮೊದಲ ಹಂತ, ನಿಧಾನವಾಗಿ ಹೋಗುವಂಥದ್ದು, ಮಾತ್ರೆ ಇದೆ ಎಂದರು. ನಾನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿರುವುದು ಇಷ್ಟು ಕೆಲಸಕ್ಕೆ ಬಾರದ್ದು ಎಂದು ವಾಪಸು ಬರುವಾಗ ಫ್ರೀವೇಯ ಮೇಲೆ ಕಾರಿನಲ್ಲಿ ಕೂತು ಮೊದಲ ಸಲ ಅನ್ನಿಸಿತು.

ಮನೆಯ ಹಾಲಿನ ಗೋಡೆಗೆ ಒತ್ತಿಕೊಂಡು ಅಪ್ಪನ ಅಕ್ವೇರಿಯಂ ಇದೆ. ಉಪ್ಪುನೀರಿನದು, ಹವಳ ಬೆಳೆಸುವಂಥದ್ದು. ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ಶುರು ಮಾಡಿದ್ದು. ಈ ಹವ್ಯಾಸದವರು ಹವಳದ ಚೂರನ್ನು ಮುರಿದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಹಾಗೆ ಉಗುರಿನಷ್ಟು ಬಂದ ಒಂದು ನೇರಳೆ ಚೂರು ಈಗ ಅಂಗೈಯಗಲ ಹರಡಿದೆ. ತೊಟ್ಟಿಯ ನೀರು ಗೋಡೆಯ ತೂತಿನಿಂದ ಹಿಂದಿನ ಗರಾಜಿಗೆ ಹೋಗಿ, ಅಲ್ಲಿ ಪಂಪು, ಫಿಲ್ಟರು ಎಲ್ಲ ದಾಟಿ ಮತ್ತೆ ಒಳಗೆ ಬರುತ್ತದೆ. ಆ ಫಿಲ್ಟರುಗಳಲ್ಲಿ ಒಂದು ಮೊಳದುದ್ದದ ಪಾರದರ್ಶಕ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಕೊಳವೆ. ಅದರೊಳಗೆ ಕಂದು ಬಣ್ಣದ ಹರಳು ತುಂಬಿರುತ್ತದೆ. ಪಂಪು ಕೆಳಗಿನಿಂದ ನೀರನ್ನು ನೂಕುತ್ತದೆ, ಹರಳು ನೀರಿನ ಕೊಳೆಯನ್ನು ಹೀರಿಕೊಳ್ಳುತ್ತದೆ. ಮೂರು ವಾರಕ್ಕೊಮ್ಮೆ ಮುಚ್ಚಳ ತೆಗೆದು ಹರಳು ಬದಲಾಯಿಸಬೇಕು. ತಪ್ಪಿದರೆ ಪಾಚಿ ಬರುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ.

ಆ ಮುಚ್ಚಳಕ್ಕೆ ಬೆರಳಲ್ಲೇ ತಿರುಗಿಸುವ ಎಂಟು ಪ್ಲಾಸ್ಟಿಕ್ ಸ್ಕ್ರೂಗಳಿದ್ದವು.

ಒಂದು ಶನಿವಾರ ಮೌಂಟನ್ ವ್ಯೂನ ನನ್ನ ಅಪಾರ್ಟ್‌ಮೆಂಟಿನಿಂದ ಡಬ್ಲಿನ್ನಿಗೆ ಬಂದಾಗ ಅಪ್ಪ ಗರಾಜಿನ ನೆಲದಲ್ಲಿ ಮಂಡಿಯೂರಿ ಐದನೆಯ ಸ್ಕ್ರೂ ಹುಡುಕುತ್ತಿದ್ದ. ಬೆರಳಿಂದ ಜಾರಿ ವಾಷಿಂಗ್ ಮಷೀನಿನ ಕೆಳಗೆ ಹೋಗಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ರೀ, ಸಾಕು. ಯಾರಿಗಾದ್ರೂ ಕೊಟ್ಟುಬಿಡಿ ಇದನ್ನ. ಅವು ಮೂಕ ಪ್ರಾಣಿ, ನಿಮ್ಮ ಹಟಕ್ಕೆ ಸಾಯಬಾರದು" ಎಂದಳು.

"ಕೊಡ್ತೀನಿ ಕಣೇ. ಈ ಮುಚ್ಚಳ ತೆಗೆಯೋಕೆ ಇನ್ನೊಬ್ಬರನ್ನ ಕರೀಬೇಕಾದ ದಿನ ಕೊಡ್ತೀನಿ."

"ಅಂದ್ರೆ ಇವತ್ತು?"

"ಇವತ್ತು ಇನ್ನೂ ಹುಡುಕ್ತಾ ಇದೀನಿ."

ಜೋಕಿನ ಧಾಟಿಯಲ್ಲೇ ಹೇಳಿದ, ಆದರೆ ಅಪ್ಪ ಆಡಿದ ಮಾತಿನಂತೆ ನಡೆಯುವವನು. ಕಾರು ಓಡಿಸುವುದನ್ನು ಕಡಿಮೆ ಮಾಡಿದ್ದ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದನ್ನು ಬಿಟ್ಟಿದ್ದ. ಅವನೊಬ್ಬನದೇ ಎಂದು ಉಳಿದಿದ್ದು ಈ ತೊಟ್ಟಿ. ಹೀಗಾಗಿ ಎಲ್ಲವೂ ಆ ಒಂದು ಮುಚ್ಚಳದ ಮೇಲೆ ನಿಂತಿತ್ತು. ಅದನ್ನು ಅಪ್ಪ ಒಬ್ಬನೇ ತೆಗೆಯುವಂತಿರಬೇಕು.

ಉಪಾಯ ಹೊಳೆದದ್ದು ಅವನಿಗೇ. "ಬೆಂಗಳೂರಲ್ಲಿ ಬಲ್ಬ್ ಹೇಗೆ ಹಾಕ್ತಿದ್ವಿ, ನೆನಪಿದೆಯಾ? ಒತ್ತಿ, ಸ್ವಲ್ಪ ತಿರುಗಿಸಿದ್ರೆ ಕೂತ್ಕೊಳ್ತಿತ್ತು. ಇಲ್ಲಿ ನೋಡು, ಬಲ್ಬಿಗೂ ಹತ್ತು ಸುತ್ತು ತಿರುಗಿಸಬೇಕು." ಹನ್ನೊಂದನೆಯ ವಯಸ್ಸಿನವರೆಗೆ ನಾನು ನೋಡಿದ್ದೂ ಅದೇ ಬಲ್ಬು. ಅದೇ ರೀತಿ ಕೂರುವ ಮುಚ್ಚಳ ಮಾಡಿದರಾಯಿತು. ಮುಚ್ಚಳದ ಅಂಚಿನಲ್ಲಿ ಹೊರಚಾಚಿದ ಮೂರು ಕಿವಿ. ಕೊಳವೆಯ ಬಾಯಿಗೆ ಅಂಟಿಸಿದ ಪಟ್ಟಿಯಲ್ಲಿ ಆ ಕಿವಿಗಳು ಇಳಿಯುವಷ್ಟು ಮೂರು ಸಂದು. ಇಳಿಸಿ ತಿರುಗಿಸಿದರೆ ಕಿವಿಗಳು ಪಟ್ಟಿಯ ತುಟಿಯ ಕೆಳಗೆ ಸರಿದು ಸಿಕ್ಕಿಕೊಳ್ಳುತ್ತವೆ, ಕೆಳಗಿನ ರಬ್ಬರ್ ಬಳೆಯನ್ನು ಅದುಮಿ ನೀರನ್ನು ತಡೆಯುತ್ತವೆ. ಸ್ಕ್ರೂ ಇಲ್ಲ, ಬೆರಳಿನ ಕೆಲಸವಿಲ್ಲ, ಅಂಗೈ ಸಾಕು.

ಮೂರು ವಾರಾಂತ್ಯ ಗರಾಜಿನಲ್ಲಿ ಅದನ್ನೇ ಮಾಡಿದೆವು. ಅಕ್ರಿಲಿಕ್ ಹಾಳೆಯಲ್ಲಿ ಉಂಗುರಗಳನ್ನು ಕತ್ತರಿಸಿದ್ದು ನಾನು. ಅಪ್ಪ ಮೊದಲು ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು. ನಾನು ಮರಳುಕಾಗದದಿಂದ ಅಂಚು ಉಜ್ಜುತ್ತಿದ್ದರೆ ಅವನಿಗೆ ತಡೆಯಲಿಲ್ಲ.

"ಅದು ಬೇಡ, ಗೀಚು ಬೀಳತ್ತೆ. ಗರಗಸದ ಬ್ಲೇಡ್ ತಗೋ. ಹಲ್ಲಿರೋ ಕಡೆ ಅಲ್ಲ, ಬೆನ್ನಿನ ಕಡೆ. ಹಾಗೆ ಕೆರೀತಾ ಬಾ."

ಬ್ಲೇಡಿನ ಬೆನ್ನಿಗೆ ಅಕ್ರಿಲಿಕ್ ತೆಂಗಿನ ತುರಿಯಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು, ಅಂಚು ಗಾಜಿನ ಹಾಗೆ ಹೊಳೆಯಿತು. ಅಂಟು ನೀರಿನಷ್ಟು ತೆಳು. ಎರಡು ತುಂಡು ಜೋಡಿಸಿಟ್ಟು ಸೂಜಿಯಿಂದ ಸಂದಿಗೆ ಒಂದು ಹನಿ ಮುಟ್ಟಿಸಿದರೆ ತಾನೇ ಓಡಿ ಒಳಗೆಲ್ಲ ಹರಡಿಕೊಳ್ಳುತ್ತದೆ. ನನ್ನ ಮೊದಲ ಜೋಡಣೆಯಲ್ಲಿ ಗುಳ್ಳೆಗಳೆದ್ದವು. ಎರಡನೆಯದು, ಒಂದು ತುಂಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗಿದೆ ಎಂದು ಕಾಣದಷ್ಟು ಚೆನ್ನಾಗಿ ಬಂತು.

ಕಿವಿಗಳ ಮೇಲ್ಬದಿಗೆ ಸ್ವಲ್ಪ ಇಳಿಜಾರು ಬೇಕು, ತಿರುಗಿಸಿದ ಹಾಗೆ ಬಿಗಿಯಾಗಲು. ಆ ಇಳಿಜಾರನ್ನು ಅಪ್ಪ ಅರದಿಂದ ಉಜ್ಜಿದ. ಅರ ಹಿಡಿದಾಗ ಅವನ ಕೈ ಸುಮ್ಮನಿರುತ್ತಿತ್ತು. ಕೆಲಸ ನಿಂತು ಕೈ ಮಡಿಲಿಗೆ ಬಂದರೆ ಹೆಬ್ಬೆರಳು ಮತ್ತೆ ಶುರು. ನಾನು ನೋಡಿದ್ದನ್ನು ಅವನು ನೋಡಿದ. "ಹ್ಞೂಂ, ಬರ್ಕೋ, ಇನ್ನೊಂದು ಸಾಕ್ಷಿ" ಎಂದ.

ಮುಚ್ಚಳ ತಯಾರಾಯಿತು, ಸೋರಲಿಲ್ಲ. ಆದರೆ ಅಪ್ಪನ ಕೈಗೆ ತಿರುಗಲೂ ಇಲ್ಲ. ಒಣ ರಬ್ಬರು ಅಕ್ರಿಲಿಕ್ಕನ್ನು ಕಚ್ಚಿ ಹಿಡಿಯುತ್ತಿತ್ತು. ಅದಕ್ಕೆ ಹಚ್ಚುವ ಸಿಲಿಕೋನ್ ಗ್ರೀಸು ಬರುವುದು ಸೋಮವಾರ. ನಾನು ಭಾನುವಾರವೇ ವಾಪಸು ಹೊರಡಬೇಕು. ಹೊರಡುವ ಮೊದಲು ಅವನು ಅದನ್ನು ತೆಗೆಯುವುದನ್ನು ನೋಡಬೇಕೆಂಬ ಹಟ ನನಗೆ.

"ಕುಕ್ಕರ್ ಗ್ಯಾಸ್ಕೆಟ್ಟಿಗೆ ಹಚ್ತೀನಲ್ಲ, ಒಂಚೂರು ಕೊಬ್ಬರಿ ಎಣ್ಣೆ ಸವರಿ" ಎಂದು ಅಮ್ಮ ಒಳಗಿನಿಂದಲೇ ಹೇಳಿದಳು. ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ತಲೆಗೂ ಹೌದು, ಹೊಲಿಗೆ ಮಷೀನಿಗೂ ಹೌದು, ಕಿರುಗುಟ್ಟುವ ಬಾಗಿಲಿಗೂ ಹೌದು.

"ಬೇಡ" ಎಂದ ಅಪ್ಪ. "ರಬ್ಬರಿಗೂ ಎಣ್ಣೆಗೂ ಆಗಿಬರಲ್ಲ."

"ಯಾವ ರಬ್ಬರಿಗೆ? ಯಾವ ಎಣ್ಣೆಗೆ?" ನಾನು ಕೇಳಿದೆ.

"ಅದೆಲ್ಲ ಗೊತ್ತಿಲ್ಲ. ಟೂಲ್ ರೂಮಲ್ಲಿ ನಮ್ಮ ಮೇಸ್ತ್ರಿ ಹೇಳ್ತಿದ್ದರು."

"ಮೇಸ್ತ್ರಿ ಹೇಳಿದ್ದು ಸಾಕ್ಷಿ ಅಲ್ಲಪ್ಪ. ಕುಕ್ಕರ್ ಸಾಕ್ಷಿ. ಅಮ್ಮ ಎಷ್ಟು ವರ್ಷದಿಂದ ಹಚ್ತಿದಾಳೆ, ಗ್ಯಾಸ್ಕೆಟ್ ಏನಾದ್ರೂ ಆಯ್ತಾ?"

"ಕುಕ್ಕರ್ ಬೇರೆ, ಇದು ಬೇರೆ."

"ಹೇಗೆ ಬೇರೆ, ಹೇಳು. ಎರಡೂ ರಬ್ಬರ್ ಬಳೆ. ಎರಡೂ ಮುಚ್ಚಳದ ಕೆಳಗೆ. ಎರಡರ ಒಳಗೂ ಪ್ರೆಷರ್. ಅದಕ್ಕೆ ಬೆಂಕಿ ಬೇರೆ ತಡ್ಕೋಬೇಕು, ಇದಕ್ಕೆ ಅದೂ ಇಲ್ಲ."

ಅವನು ಬಳೆಯನ್ನು ಎತ್ತಿ ತಿರುಗಿಸಿ ನೋಡಿದ. ಗೊತ್ತಿದ್ದದ್ದನ್ನು ವಾದವಾಗಿ ಕಟ್ಟಲು ಬಾರದವರು ತಪ್ಪು ಎಂದು ತೀರ್ಮಾನಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಸ್ಪರ್ಧೆಗಳಲ್ಲಿ ನಿಯಮವೇ ಹಾಗಿತ್ತು: ಎದುರಾಳಿ ಉತ್ತರಿಸದಿದ್ದ ಅಂಶ ನಿನ್ನದು. ಅಪ್ಪ ಎದುರಾಳಿಯಾಗಿರಲಿಲ್ಲ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಅವನು ಕೈಚೆಲ್ಲಿ, "ನಿನ್ನ ಹತ್ರ ಮಾತಾಡಿ ಗೆಲ್ಲೋಕಾಗತ್ತಾ? ಹಚ್ಚು" ಎಂದ.

ಹಚ್ಚಿದೆ. ಅಪ್ಪ ಅಂಗೈ ಊರಿ ತಿರುಗಿಸಿದ. ಮುಚ್ಚಳ ಸರ್ರನೆ ಸರಿದು ಟಕ್ಕೆಂದು ಕೈಗೆ ಬಂತು. ಮತ್ತೆ ಹಾಕಿದ, ಮತ್ತೆ ತೆಗೆದ. ನಾಲ್ಕು ಸಲ. ಅಮ್ಮ ಬಂದು ನೋಡಿ, "ಉಪ್ಪಿನಕಾಯಿ ಬಾಟ್ಲಿಗೂ ಹೀಗೇ ಒಂದು ಮಾಡಿಕೊಡಿ, ಪುಣ್ಯ ಬರತ್ತೆ" ಎಂದಳು. ಅಪ್ಪ ನಕ್ಕ. ಡಾಕ್ಟರನ್ನು ಕಂಡು ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸೋಮವಾರ ಗ್ರೀಸು ಬಂತು. ಅಪ್ಪ ಫೋನಿನಲ್ಲಿ, "ಬಳೆ ಒರೆಸಿ ಇದನ್ನ ಹಚ್ಚಲಾ?" ಎಂದು ಕೇಳಿದ. ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದೆ ನಾನು. ಡಬ್ಬಿ ಗರಾಜಿನ ಶೆಲ್ಫಿನಲ್ಲಿ ಪೊಟ್ಟಣ ಒಡೆಯದೆ ಕೂತಿತು.

ಮೂರು ವಾರ ಕಳೆದ ಮೇಲಿನ ಒಂದು ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ ನಾನು ಡಬ್ಲಿನ್ ತಲುಪಿದೆ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಮನೆಯೊಳಗೆ ಕೂಗಿದೆ, ಉತ್ತರ ಬರಲಿಲ್ಲ. ಗರಾಜಿನ ಬಾಗಿಲು ತೆಗೆದರೆ ನೆಲದ ಮೇಲೆ ನೀರು ನಿಂತಿತ್ತು. ಅಪ್ಪ ಫಿಲ್ಟರಿನ ಮುಂದೆ ಮಂಡಿಯೂರಿ ಕೂತು, ಎರಡೂ ಅಂಗೈಗಳಿಂದ ಮುಚ್ಚಳವನ್ನು ಕೆಳಗೆ ಅದುಮಿ ಹಿಡಿದಿದ್ದ. ಬೆರಳುಗಳ ಸಂದಿಯಿಂದ ನೀರು ಎಳೆ ಎಳೆಯಾಗಿ ಚಿಮ್ಮುತ್ತಿತ್ತು. ಪಂಪು ಗುಂಯ್‌ಗುಡುತ್ತಿತ್ತು.

"ಸ್ವಿಚ್" ಎಂದ, ತಲೆ ಎತ್ತದೆ.

ಪಂಪಿನ ಸ್ವಿಚ್ಚು ಎದುರಿನ ಗೋಡೆಯಲ್ಲಿತ್ತು, ನಾಲ್ಕು ಹೆಜ್ಜೆ. ಆರಿಸಿದೆ. ಅವನ ಕೈಗಳನ್ನು ಮುಚ್ಚಳದಿಂದ ನಾನೇ ಬಿಡಿಸಬೇಕಾಯಿತು. ಬೆರಳುಗಳು ತಣ್ಣಗಾಗಿ ಮರಗಟ್ಟಿದ್ದವು.

ನಡೆದದ್ದನ್ನು ಆಮೇಲೆ ತುಂಡು ತುಂಡಾಗಿ ಹೇಳಿದ. ಹರಳು ಬದಲಾಯಿಸಲು ಹೋಗಿದ್ದ. ಮುಚ್ಚಳ ಅಲುಗಲಿಲ್ಲ. ಎಣ್ಣೆ ಕುಡಿದ ರಬ್ಬರ್ ಬಳೆ ಉಬ್ಬಿ, ಮುಚ್ಚಳವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಬಿಗಿದಿತ್ತು. ಬಟ್ಟೆ ಸುತ್ತಿ ಮೈಭಾರ ಹಾಕಿ ತಿರುಗಿಸಿದಾಗ ಟಪ್ ಎಂದು ಒಂದು ಸದ್ದಾಯಿತು. ಆಗುವುದಿಲ್ಲ ಎಂದು ಬಿಟ್ಟು ಪಂಪು ಹಾಕಿದ. ವಾಪಸು ಬಂದು ನೋಡುವಷ್ಟರಲ್ಲಿ ಒಂದು ಕಿವಿ ಮುರಿದು ಮುಚ್ಚಳದ ಒಂದು ಬದಿ ಎದ್ದಿತ್ತು.

"ಎಷ್ಟು ಹೊತ್ತಾಯ್ತಪ್ಪ?"

"ಈಗ ತಾನೇ. ನೀನು ಬರೋಕೆ ಸ್ವಲ್ಪ ಮುಂಚೆ."

ಅವನ ಮುಂಗೈಗಳ ಮೇಲೆ, ಮೊದಲು ನೀರು ಸಿಡಿದ ಕಡೆಯಲ್ಲೆಲ್ಲ, ಉಪ್ಪು ಒಣಗಿ ಬಿಳಿಯ ಪೊರೆ ಕಟ್ಟಿತ್ತು. ಉಪ್ಪುನೀರು ಹಾಗೆ ಒಣಗಲು ಎಷ್ಟು ಹೊತ್ತು ಬೇಕೆಂದು ಆ ಗರಾಜಿನಲ್ಲಿ ಬೆಳೆದ ನನಗೆ ಗೊತ್ತು. ಟವೆಲು ತಂದು ಒರೆಸಿದೆ.

ಒಂದು ಪ್ರಶ್ನೆ ಮಾತ್ರ ಬಾಯಿಂದ ಹೊರಬಿತ್ತು. "ಕೈ ಬಿಟ್ಟು ಸ್ವಿಚ್ ಆರಿಸಬಹುದಿತ್ತಲ್ಲ. ಒಂದೆರಡು ಬಕೆಟ್ ನೀರು ಹೋಗ್ತಿತ್ತು, ಅಷ್ಟೇ."

ಅಪ್ಪ ತನ್ನ ಕಾಲುಗಳ ಕಡೆ ನೋಡಿದ. "ಎದ್ದೇಳೋಕಾಗತ್ತೋ ಇಲ್ಲವೋ ಅಂತ ಗ್ಯಾರಂಟಿ ಇರಲಿಲ್ಲ ಪುಟ್ಟಿ. ಹಿಡ್ಕೊಂಡಿರೋದು ಗ್ಯಾರಂಟಿ ಇತ್ತು."

ಎಣ್ಣೆಯ ಮಾತನ್ನು ಅವನು ಎತ್ತಲಿಲ್ಲ. ಮೇಸ್ತ್ರಿಯ ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ, ಮಾರ್ಗನ್ ಹಿಲ್‌ನ ಒಬ್ಬ ಹವಳದ ಹವ್ಯಾಸಿಗೆ ಮೆಸೇಜು ಮಾಡಿದ್ದೇನೆ, ಮೂರು ವಾರ ಬಿಟ್ಟು ಬಂದು ಇಡೀ ತೊಟ್ಟಿಯನ್ನು ತೆಗೆದುಕೊಂಡು ಹೋಗುತ್ತಾನೆ ಎಂದ. ಅಮ್ಮ, ತಾನೇ ಕೊಟ್ಟುಬಿಡಿ ಎಂದಿದ್ದವಳು, ತಟ್ಟೆ ಬಿಟ್ಟು ಎದ್ದು ಹೋದಳು.

ನನ್ನ ಬಳಿ ವಾದಗಳಿದ್ದವು. ಕೆಟ್ಟದ್ದು ಮುಚ್ಚಳ, ನಿನ್ನ ಕೈ ಅಲ್ಲ. ತಪ್ಪು ನನ್ನದು, ನಿನ್ನದಲ್ಲ. ಒಂದು ಸೋಲಿನಿಂದ ನಿಯಮ ಮಾಡಬಾರದು. ಮೂರೂ ಸರಿಯಾದವೇ. ಅವನ ಮುಂದೆ ಇಟ್ಟಿದ್ದರೆ, "ಸರಿ ಲಾಯರಮ್ಮ" ಎಂದು ಮತ್ತೆ ಕೈಚೆಲ್ಲುತ್ತಿದ್ದ. ಆ ಗೆಲುವು ನನಗೆ ಬೇಡವಾಗಿತ್ತು. ಉಳಿದ ಒಂದು ರಬ್ಬರ್ ಬಳೆ, ಅಮ್ಮನ ಹಳೆಯ ಕುಕ್ಕರ್ ಗ್ಯಾಸ್ಕೆಟ್ಟಿನ ಒಂದು ತುಂಡು, ಎರಡನ್ನೂ ಮೌಂಟನ್ ವ್ಯೂಗೆ ಒಯ್ದು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಮುಂದಿನ ವಾರದ ಹೊತ್ತಿಗೆ ಗ್ಯಾಸ್ಕೆಟ್ಟು ಹೇಗಿತ್ತೋ ಹಾಗೇ ಇತ್ತು. ಬಳೆ ದಪ್ಪಗಾಗಿ, ಮೊದಲು ಸಲೀಸಾಗಿ ಕೂರುತ್ತಿದ್ದ ಕಡೆ ಕೂರದಾಗಿತ್ತು. ಎರಡೂ ರಬ್ಬರೇ, ಬೇರೆ ಬೇರೆ ಜಾತಿಯವು. ಬಟ್ಟಲಲ್ಲಿ ಎಣ್ಣೆ ಹಾಕಿ ಒಂದು ವಾರ ಕಾದಿದ್ದರೆ ತಿಳಿಯುತ್ತಿದ್ದ ವಿಷಯ. ಎಲ್ಲರ ಮಾತಿಗೂ ಸಾಕ್ಷಿ ಕೇಳುವ ನಾನು ನನ್ನ ಮಾತಿಗೆ ಕೇಳಿರಲಿಲ್ಲ.

ಎರಡನೆಯ ಮುಚ್ಚಳವನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಬ್ಬಳೇ ಮಾಡಿದೆ. ಕಿವಿಗಳನ್ನು ಅಗಲ ಮಾಡಿದೆ. ಮೇಲೆ ಅಂಗೈ ಊರಿ ನೂಕಲು ಎರಡು ಅಡ್ಡಪಟ್ಟಿಗಳನ್ನು ಅಂಟಿಸಿದೆ. ಅಂಚುಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆದೆ. ಕಿವಿಯ ಇಳಿಜಾರಿಗೆ ಬಂದಾಗ ಕೈ ನಿಂತಿತು. ಹೆಚ್ಚು ಇಳಿಜಾರು ಕೊಟ್ಟರೆ ನೀರು ಪೂರಾ ನಿಲ್ಲುತ್ತದೆ, ಅಪ್ಪನಿಗೆ ತಿರುಗುವುದಿಲ್ಲ. ಕಡಿಮೆ ಕೊಟ್ಟರೆ ತಿರುಗುತ್ತದೆ, ಆದರೆ ಜಿನುಗುತ್ತದೆ. ಎರಡೂ ಸಿಗುವ ಒಂದು ಅಳತೆ ಇರಲೇಬೇಕೆಂದು ನಾಲ್ಕು ಸಲ ಉಜ್ಜಿ, ಪಟ್ಟಿ ಅಂಟಿಸಿದ ಅದೇ ಅಳತೆಯ ಇನ್ನೊಂದು ಕೊಳವೆಗೆ ಹಾಕಿ, ನೀರು ಬಿಟ್ಟು ನೋಡಿದೆ. ಸಿಗಲಿಲ್ಲ. ಕೊನೆಗೆ ಜಿನುಗಲಿ ಎಂದು ಬಿಟ್ಟೆ, ಕೆಳಗಿಡಲು ಒಂದು ಟ್ರೇ ಕೊಂಡೆ.

ಮಾರ್ಗನ್ ಹಿಲ್‌ನವನು ಬರಬೇಕಿದ್ದುದರ ಹಿಂದಿನ ದಿನ, ಬೆಳಗ್ಗೆ, ಹೊಸ ಮುಚ್ಚಳವನ್ನು ಅಪ್ಪನ ಮುಂದೆ ಇಟ್ಟೆ. ಹೊಸ ಬಳೆ, ಗ್ರೀಸು. ಅವನು ಬಹಳ ಹೊತ್ತು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಅಂಚು ಚೆನ್ನಾಗಿ ಕೆರೆದಿದೀಯ" ಎಂದ. ಕೊಳವೆಗೆ ಇಳಿಸಿ ತಿರುಗಿಸಿದ. ಕೂತಿತು. ಪಂಪು ಹಾಕಿದೆ. ಆರಿಸಿದೆ. ಅಪ್ಪ ಅಡ್ಡಪಟ್ಟಿಗೆ ಅಂಗೈ ಕೊಟ್ಟು ನೂಕಿದ, ಮುಚ್ಚಳ ತೆರೆದುಕೊಂಡಿತು. ಮತ್ತೆ ಮುಚ್ಚಿ ಮತ್ತೆ ಪಂಪು ಹಾಕಿಸಿದ. ಈ ಸಲ ಬಗ್ಗಿ ಅಂಚನ್ನೇ ನೋಡುತ್ತ ಕೂತ. ಸ್ವಲ್ಪ ಹೊತ್ತಿಗೆ ಪಟ್ಟಿಯ ಕೆಳಗೆ ಒಂದು ಹನಿ ಮೂಡಿ, ದಪ್ಪಗಾಗಿ, ಟ್ರೇಗೆ ಬಿತ್ತು.

"ಸಡಿಲ ಮಾಡಿದೀಯ."

ಅದಕ್ಕೆ ಉತ್ತರಗಳು ನನ್ನಲ್ಲಿದ್ದವು. ಹೊಸ ಬಳೆ, ಇನ್ನೂ ಕೂರಬೇಕು ಎನ್ನಬಹುದಿತ್ತು. "ಹೌದು" ಎಂದೆ.

"ಎಷ್ಟು?"

"ಒಂದು ಕಾಗದದ ದಪ್ಪ."

ಅವನು ಇನ್ನೊಂದು ಹನಿ ಬೀಳುವವರೆಗೆ ಕಾದ. ಆಮೇಲೆ ಫೋನು ತೆಗೆದು ಮಾರ್ಗನ್ ಹಿಲ್‌ನವನಿಗೆ ಕರೆ ಮಾಡಿದ. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, ಕ್ಷಮಿಸಿ, ಈ ವರ್ಷ ಕೊಡುತ್ತಿಲ್ಲ ಎಂದ. ಈ ವರ್ಷ ಎಂಬುದನ್ನು ಎರಡು ಸಲ ಹೇಳಿದ.

ಫೋನು ಕೆಳಗಿಟ್ಟು, "ಅಕ್ರಿಲಿಕ್ ಹಾಳೆ ಇನ್ನೂ ಮಿಕ್ಕಿದೆಯಾ?" ಎಂದು ಕೇಳಿದ.

"ಇದೆ. ಯಾಕೆ?"

"ಇನ್ನೊಂದು ಮುಚ್ಚಳ ಮಾಡಿಡು. ಇದಕ್ಕಿಂತ ಸಡಿಲವಾಗಿ. ಮುಂದಿನ ವರ್ಷಕ್ಕೆ ಬೇಕಾಗತ್ತೆ."

ಇಲ್ಲಪ್ಪ, ಡಾಕ್ಟರು ನಿಧಾನ ಎಂದಿದ್ದಾರೆ, ಮಾತ್ರೆ ಹಿಡಿಯುತ್ತಿದೆ, ಮುಂದಿನ ವರ್ಷವೂ ಇದೇ ಸಾಕಾಗಬಹುದು. ಎಲ್ಲವೂ ನಾಲಿಗೆಯ ತುದಿಗೆ ಬಂತು. ಅವನು ಕಾಯುತ್ತಿದ್ದ, ನಾನು ವಾದಿಸುತ್ತೇನೆ ಎಂದೇ. ಆ ಮಧ್ಯಾಹ್ನ ಎರಡು ಸಹಿಗಳನ್ನು ಅವನ ತಟ್ಟೆಯ ಪಕ್ಕ ಇಟ್ಟವಳು ನಾನು. ಈಗ ಅವನೇ ಒಪ್ಪಿಕೊಂಡು ಮುಂದಿನ ಲೆಕ್ಕ ಹಾಕುತ್ತಿದ್ದರೆ ಅಲ್ಲಗಳೆಯುವ ಹಕ್ಕು ನನಗೆ ಎಲ್ಲಿಂದ ಬಂತು?

"ಎಷ್ಟು ಸಡಿಲ?" ಎಂದೆ.

ಅಪ್ಪ ನನ್ನ ಮುಂಗೈ ಹಿಡಿದ. ಮುಚ್ಚಳವೆಂಬಂತೆ ಅದನ್ನು ಮೆಲ್ಲಗೆ ಒಂದು ಕಡೆಗೆ ತಿರುಗಿಸಿದ. ಹಿಡಿತ ಬಹಳ ಹಗುರವಾಗಿತ್ತು. "ಇದು ಈಗಿಂದು" ಎಂದ. ಮತ್ತೆ, ಇನ್ನೂ ಹಗುರವಾಗಿ, ಚರ್ಮಕ್ಕೆ ತಾಗಿತೋ ಇಲ್ಲವೋ ಎಂಬಂತೆ ತಿರುಗಿಸಿದ. "ಇಷ್ಟಕ್ಕೆ ತೆಗೆಯೋಕೆ ಬರಬೇಕು. ತಿಳೀತಾ?"

ತಿಳಿಯಿತು ಎಂದೆ. ಟ್ರೇಯಲ್ಲಿ ಬಿದ್ದಿದ್ದ ನೀರನ್ನು ಬಟ್ಟೆಯಿಂದ ಒರೆಸಿ, ಶೆಲ್ಫಿನಿಂದ ಗರಗಸದ ಬ್ಲೇಡನ್ನು ಕೈಗೆತ್ತಿಕೊಂಡೆ.